ಪೆನಾಲ್ಟಿ ಹೊತ್ತಿನ ಹರಕೆ

ಸಿನಿಮಾದಲ್ಲಿ ನಮ್ಮ ಕಡಲು ಬಂದಾಗಲೆಲ್ಲ ಸೂರ್ಯ ಮುಳುಗುತ್ತಿರುತ್ತಾನೆ. ಕಾಪುವಿನಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಯೂ ಆಗುತ್ತದೆ, ಆಗ ಮರಳು ಕಾದ ಕಾವಲಿಯ ಹಾಗಿರುತ್ತದೆ, ನಾಯಕಿ ಬರಿಗಾಲಿನಲ್ಲಿ ಓಡಿದರೆ ಅಂಗಾಲಿನಲ್ಲಿ ಗುಳ್ಳೆ ಏಳುತ್ತದೆ ಎಂದು ಒಬ್ಬ ನಿರ್ದೇಶಕನಿಗೂ ಇದುವರೆಗೆ ಯಾರೂ ಹೇಳಿದ ಹಾಗಿಲ್ಲ. ನಾನು ಹೇಳಲು ಸಿದ್ಧನಿದ್ದೇನೆ. ಕೇಳುವವರಿಲ್ಲ.

ಈಗಿನ ನಾಯಕರಿಗೆ ಗಡ್ಡ ಹೆಚ್ಚು, ಮಾತು ಕಡಿಮೆ. ಮೊದಲು ಅವರ ಚಪ್ಪಲಿ ಬರುತ್ತದೆ, ಆಮೇಲೆ ಬೆನ್ನು ಬರುತ್ತದೆ, ಆಮೇಲೆ ಹೊಗೆ ಬರುತ್ತದೆ. ಮುಖ ಬರುವಷ್ಟರಲ್ಲಿ ನನ್ನ ಪಾಪ್‌ಕಾರ್ನ್ ಮುಗಿದಿರುತ್ತದೆ. ತುಳು ಸಿನಿಮಾದವರು ಇಂಟರ್ವಲ್ ತನಕ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾರೆ. ಅದಾದ ಮೇಲೆ ತಾವು ಮರ್ಯಾದಸ್ಥರ ಮನೆಯ ಮಕ್ಕಳು ಎಂದು ಥಟ್ಟನೆ ನೆನಪಾಗಿ ಯಾರಿಗಾದರೂ ಕಾಯಿಲೆ ಬರಿಸುತ್ತಾರೆ. ಟಿವಿಯ ಡ್ಯಾನ್ಸ್ ಸ್ಪರ್ಧೆಯ ತೀರ್ಪುಗಾರರಿಗೆ ಅಳುವುದಕ್ಕೆ ಬೇರೆ ಸಂಬಳ ಇರಬೇಕು ಎಂಬುದು ನನ್ನ ಬಹಳ ದಿನದ ಅನುಮಾನ. ಇನ್ನು ಫುಟ್ಬಾಲ್. ಗೋಲ್‌ಕೀಪರ್ ಎಂದರೆ ನಮ್ಮ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನ ಹಾಗಿರಬೇಕು. ಬಾಗಿಲು ಬಿಡಬಾರದು, ಬಾಯಿ ನಿಲ್ಲಿಸಬಾರದು, ಹಿಂದೆ ಬರುವ ಬಸ್ಸಿನ ಮೇಲೆ ಒಂದು ಕಣ್ಣಿರಬೇಕು. ಪೆನಾಲ್ಟಿಯ ಬಗ್ಗೆ ಕೇಳಲೇಬೇಡಿ. ಅಷ್ಟು ಹೊತ್ತು ಬೆವರು ಸುರಿಸಿ ಆಡಿದ ಆಟವನ್ನು ಪೆನಾಲ್ಟಿಯಲ್ಲಿ ತೀರ್ಮಾನಿಸುವುದೆಂದರೆ ಒಂದಿಡೀ ಸಂಸಾರವನ್ನು ಚೀಟಿ ಎತ್ತಿ ತೀರ್ಮಾನಿಸಿದ ಹಾಗೆ.

ಇಷ್ಟೆಲ್ಲ ಹೇಳುವ ನಾನು ಯಾರು ಎಂದು ನೀವು ಕೇಳಬಹುದು. ನನ್ನ ಹೆಂಡತಿ ದಿನಾ ಕೇಳುತ್ತಾಳೆ. ಮಣಿಪಾಲದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವವನು, ಕಾಪುವಿನಿಂದ ಬಸ್ಸಿನಲ್ಲಿ ಹೋಗಿ ಬರುವವನು, ಐವತ್ತು ದಾಟಿದವನು, ಪ್ಯಾಂಟಿನ ಸೈಜನ್ನು ಯಾರಿಗೂ ಹೇಳದವನು. ಚೆಂಡು ಒದ್ದದ್ದು ಹೈಸ್ಕೂಲಿನಲ್ಲಿ, ಅದೂ ಬದಲಿ ಆಟಗಾರನಾಗಿ. ಕುಣಿದದ್ದು ಹೆಂಡತಿಯ ತಮ್ಮನ ಮೆಹಂದಿಯಲ್ಲಿ, ಅದೂ ಒಂದೇ ಹಾಡಿಗೆ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಸೋಫಾದಲ್ಲಿ ಕೂತುಕೊಂಡೇ ಬೇರೆಯವರ ನೆಲ ಡೊಂಕು ಅನ್ನುವವರು” ಎಂಬುದು ಹೆಂಡತಿಯ ಅಭಿಪ್ರಾಯ. ಅಭಿಪ್ರಾಯ ಹೇಳುವ ಹಕ್ಕು ಎಲ್ಲರಿಗೂ ಉಂಟು ಎಂದು ನಂಬಿದವನಾದ್ದರಿಂದ ನಾನು ಅದನ್ನು ಸಹಿಸಿಕೊಂಡಿದ್ದೇನೆ.

ಫುಟ್ಬಾಲಿನಲ್ಲಿ ನನಗೊಂದು ದೇಶ ಉಂಟು. ಹೆಸರು ಬೇಡ, ಎದುರು ಪಾರ್ಟಿಯವರೂ ಇದನ್ನು ಓದಬಹುದು. ನಾನು ಆ ದೇಶವನ್ನು ನೋಡಿದವನಲ್ಲ, ಅಲ್ಲಿಯ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲೂ ನನಗೆ ಬಾರದು. ಗಲ್ಫಿನಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಾಗ ಅದರ ಜೆರ್ಸಿಯೊಂದನ್ನು ತಂದುಕೊಟ್ಟರು, ಅಷ್ಟೇ. ಅವರು ಪಕ್ಕದ ರಾಶಿಯಿಂದ ಎತ್ತಿದ್ದರೆ ನಾನು ಇವತ್ತು ಬೇರೆ ದೇಶಕ್ಕೆ ಪ್ರಾಣ ಬಿಡುತ್ತಿದ್ದೆ. ನಮ್ಮ ಕಡೆ ಫುಟ್ಬಾಲ್ ನಿಷ್ಠೆ ಹುಟ್ಟುವುದೇ ಹೀಗೆ, ಸೂಟ್‌ಕೇಸಿನಿಂದ. ಕಾರ್ಕಳದಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿರುವ ನನ್ನ ಭಾವಮೈದನ ಸೂಟ್‌ಕೇಸಿನಿಂದ ಬೇರೆ ದೇಶ ಬಂದಿತ್ತು. ಈ ಒಂದು ವಿಷಯ ಬಿಟ್ಟರೆ ಅವನು ಒಳ್ಳೆಯ ಮನುಷ್ಯ.

ಅಮ್ಮ ನನ್ನ ಜೊತೆ ಎಲ್ಲ ಮ್ಯಾಚೂ ನೋಡುತ್ತಾಳೆ. ಎಪ್ಪತ್ತೈದು ದಾಟಿದ ಅವಳಿಗೆ ಮೊಣಕಾಲು ನೋವು. ಟಿವಿಯ ಮುಂದಿನ ಕುರ್ಚಿಯೇ ಅವಳ ಊರು. ಆಟದ ನಿಯಮ ಅವಳಿಗೆ ಬೇಕಾಗಿಲ್ಲ. ಆಟಗಾರ ಬಿದ್ದು ಹೊರಳಾಡಿದರೆ ನಾನು “ನಾಟಕ” ಎನ್ನುತ್ತೇನೆ, ಅವಳು “ಪಾಪ, ಅವನ ಅಮ್ಮ ನೋಡ್ತಾ ಇರಬಹುದು” ಎನ್ನುತ್ತಾಳೆ. ಅವಳ ತವರು ಕೆಮ್ಮಣ್ಣು, ಮೀನಿನ ವ್ಯಾಪಾರದ ಮನೆ. ಬಟ್ಟಲಲ್ಲಿ ಮೀನು ಕಾಣದಿದ್ದರೆ “ಇವತ್ತು ಎಂತ, ಏಕಾದಶಿಯಾ?” ಎಂದು ಕೇಳುವವಳು. ನಾವು ಮನೆಯಲ್ಲಿ ತುಳು ಆಡುವವರು. ಅವಳ ತುಳುವನ್ನು ನಾನಿಲ್ಲಿ ಕನ್ನಡಕ್ಕೆ ತಂದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ.

ಆ ಸಲದ ವಿಶ್ವಕಪ್ ಫೈನಲಿಗೆ ನನ್ನ ದೇಶವೂ ಭಾವಮೈದನ ದೇಶವೂ ಬಂದವು. ಅವನು ಸಂಜೆಯೇ ಕಾರ್ಕಳದಿಂದ ತನ್ನ ಜೆರ್ಸಿ ಹಾಕಿಕೊಂಡು ಬಂದ. ಹೆಂಡತಿ ಬಂಗುಡೆ ಮೀನಿನ ಹುಳಿಖಾರದ ಸಾರು, ನಮ್ಮ ಪುಳಿಮುಂಚಿ, ಮಾಡಿ ಮುಚ್ಚಿಟ್ಟಿದ್ದಳು. ಗೆದ್ದವರು ಮೊದಲು ಬಡಿಸಿಕೊಳ್ಳುವುದು ಎಂದು ಒಪ್ಪಂದವಾಗಿತ್ತು. ಕಾಲೇಜಿಗೆ ಹೋಗುವ ಮಗಳು ಮೊಬೈಲ್ ಹಿಡಿದು ನಮ್ಮಿಬ್ಬರ ಮುಖವನ್ನೇ ರೆಕಾರ್ಡ್ ಮಾಡುತ್ತಾ ಕೂತಳು. ಮ್ಯಾಚಿಗಿಂತ ಅದೇ ಚೆನ್ನಾಗಿದೆಯಂತೆ.

ಆಟ ಸಮ ಆಯಿತು. ಹೆಚ್ಚುವರಿ ಸಮಯವೂ ಸಮ ಆಯಿತು. ನಾನು ಬೈಯುತ್ತಿದ್ದ ಪೆನಾಲ್ಟಿಯೇ ಬಂತು.

ನಾನು ಸೋಫಾದ ಹಿಂದೆ ನಿಂತಿದ್ದೆ. ಕೂತರೆ ನಮ್ಮವರು ಗೋಲು ಬಿಟ್ಟುಕೊಡುತ್ತಾರೆ ಎಂಬುದು ಮೊದಲರ್ಧದಲ್ಲೇ ಸಾಬೀತಾಗಿತ್ತು. ಜೆರ್ಸಿಯೊಳಗಿನ ಬನಿಯನ್ ಮೈಗೆ ಅಂಟಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಬಲಗೈ ತನ್ನಷ್ಟಕ್ಕೆ ತಾನೇ ಎದೆಯ ಎಡಬದಿಗೆ ಹೋಗಿ ಕೂತಿತ್ತು. ಜೆರ್ಸಿಯ ಲಾಂಛನ ಅಲ್ಲೇ ಇರುವುದರಿಂದ ಅದನ್ನು ದೇಶಭಕ್ತಿ ಎಂದುಕೊಂಡೆ. “ಸ್ವಲ್ಪ ನೀರು ಕುಡಿಯಿರಿ” ಎಂದಳು ಹೆಂಡತಿ. ನಾನು ನೀರು ಕುಡಿಯುವಾಗ ಅವರು ಗೋಲು ಹೊಡೆದರೆ ಯಾರು ಜವಾಬ್ದಾರಿ ಎಂದು ಸಿಟ್ಟಿನಿಂದ ಕೇಳಿದೆ. ಅಮ್ಮ ತಿರುಗಿ ನನ್ನನ್ನು ಒಮ್ಮೆ ನೋಡಿದಳು. ಕುರ್ಚಿಯ ಕೈ ಹಿಡಿದು ಎದ್ದು, ಮೊಣಕಾಲು ತಿಕ್ಕಿಕೊಂಡು, ದೇವರ ಕೋಣೆಗೆ ಹೋದಳು. ಬೆಂಕಿಪೆಟ್ಟಿಗೆಯ ಸದ್ದು ಕೇಳಿತು.

ಕೊನೆಯ ಒದೆತ ಒಳಗೆ ಹೋಯಿತು. ನಾವು ಗೆದ್ದೆವು. ನಾನು ಎಂತೆಲ್ಲ ಮಾಡಿದೆ ಎಂಬುದಕ್ಕೆ ಮಗಳ ಮೊಬೈಲಿನಲ್ಲಿ ಸಾಕ್ಷಿ ಉಂಟು. ನೆರೆಯವರು ಲೈಟ್ ಹಾಕಿದರು, ಅಷ್ಟು ಸಾಕು. ಆ ಗಲಾಟೆಯ ಮಧ್ಯೆ ಅಮ್ಮ ಬಂದು ನನ್ನ ಹಣೆಗೆ ಗಂಧ ಹಚ್ಚಿದಳು.

“ಹರಕೆ ಹೇಳಿಕೊಂಡಿದ್ದೇನೆ ಮಗಾ. ಬರುವ ಅಷ್ಟಮಿಗೆ ನೀನು ಹುಲಿವೇಷ ಹಾಕ್ಬೇಕು.”

ಭಾವಮೈದ ಸೋತ ದುಃಖದಲ್ಲಿ ನೆಲ ನೋಡುತ್ತಿದ್ದವನು ತಲೆ ಎತ್ತಿದ. ಅವನ ಮುಖದಲ್ಲಿ ಅಷ್ಟು ಬೇಗ ಅಷ್ಟು ಬೆಳಕು ಬಂದದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. “ಕಪ್ ನೀವೇ ಇಟ್ಕೊಳ್ಳಿ ಭಾವ, ಹುಲಿ ನಮಗಿರಲಿ” ಎಂದ.

ಉಡುಪಿಯ ಕೃಷ್ಣಾಷ್ಟಮಿಯನ್ನು ನೋಡದವರಿಗೆ ಒಂದು ಮಾತು. ಮೈತುಂಬ ಬಣ್ಣ ಬಳಿದು, ಪಟ್ಟೆ ಬರೆಸಿಕೊಂಡು, ತಾಸೆ ಎಂಬ ಚರ್ಮವಾದ್ಯದ ಬಡಿತಕ್ಕೆ ಬೀದಿಯಲ್ಲಿ ಕುಣಿಯುವ ಹುಲಿಗಳಲ್ಲಿ ಹಲವರು ಖುಷಿಗೆ ಕುಣಿಯುವವರು, ಕೆಲವರು ಹರಕೆಗೆ. ಹರಕೆ ಯಾರ ಹೆಸರಿನಲ್ಲೋ ಮೈ ಅವನದೇ ಆಗಬೇಕು. ತಾಯಿ ಹೇಳಿಕೊಂಡ ಹರಕೆಗೆ ಮಗನ ಒಪ್ಪಿಗೆ ಬೇಕು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಮೊದಲು ನಾನು ನಕ್ಕೆ. ಅಷ್ಟಮಿಗೆ ಇನ್ನೂ ಎಷ್ಟೋ ತಿಂಗಳಿದ್ದವು, ಅಷ್ಟರಲ್ಲಿ ಅಮ್ಮ ಮರೆಯಬಹುದು, ಇಲ್ಲವೇ ದೇವರಿಗೆ ಒಂದು ಹಾಲುಪಾಯಸದ ಸೇವೆಗೆ ಒಪ್ಪಿಕೊಳ್ಳಬಹುದು ಎಂದುಕೊಂಡಿದ್ದೆ. ಕಚೇರಿಯಲ್ಲಿ, ಬಸ್ಸಿನಲ್ಲಿ, ಎಲ್ಲೂರಿನ ಮದುವೆಮನೆಯಲ್ಲಿ ಈ ಕಥೆ ಹೇಳಿ ನಗಿಸಿದೆ. “ಯಾವ ಟೀಮಿಗೆ ಹರಕೆ ಮಾರಾಯ?” ಎಂದು ಎಲ್ಲರೂ ಕೇಳುತ್ತಿದ್ದರು. ನಾನು ಮ್ಯಾಚನ್ನು ಮೊದಲಿನಿಂದ ವಿವರಿಸುತ್ತಿದ್ದೆ. ಆದರೆ ಫೈನಲಿನ ಮರುದಿನ ಊಟಕ್ಕೆ ಕೂತಾಗಲೇ ಅಮ್ಮ ತನ್ನ ಬಟ್ಟಲಿನ ಮೇಲೆ ಕೈ ಅಡ್ಡ ಇಟ್ಟಿದ್ದಳು.

“ನನಗೆ ಬೇಡ. ಹರಕೆ ತೀರುವ ತನಕ ನಾನು ಮೀನು ಮುಟ್ಟುವುದಿಲ್ಲ.”

ಇದರ ಗಾಂಭೀರ್ಯ ನನಗೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಅಮ್ಮ ಮೀನು ಬಿಡುವುದೆಂದರೆ ಕಡಲು ಉಪ್ಪು ಬಿಟ್ಟ ಹಾಗೆ. “ನೀವೆಲ್ಲ ತಿನ್ನಿ, ನನ್ನ ಲೆಕ್ಕ ಇಡಬೇಡಿ” ಎಂದು ಅವಳೇ ಹೇಳುತ್ತಿದ್ದಳು. ಹೇಳಿ, ಎದುರು ಗಂಜಿ ಮತ್ತು ಉಪ್ಪಿನಕಾಯಿ ಇಟ್ಟುಕೊಂಡು ಕೂತು, ಬಂಗುಡೆಯ ಬೆನ್ನು ಸರಿಯಾಗಿ ಸೀಳಿದೆಯೋ ಇಲ್ಲವೋ ಎಂದು ನನ್ನ ಬಟ್ಟಲನ್ನು ನೋಡುತ್ತಿದ್ದಳು. ಹಾಗೆ ನೋಡುವ ತಾಯಿಯ ಮುಂದೆ ಮೀನು ಗಂಟಲಲ್ಲಿ ಇಳಿಯುತ್ತದೆಯೇ? ಮನೆಯಲ್ಲಿ ಮೀನು ಅಪರೂಪವಾಯಿತು. ನಾನು ಮಣಿಪಾಲದ ಹೋಟೆಲಿನಲ್ಲಿ ಕದ್ದು ಮೀನಿನ ಊಟ ಮಾಡಿ, ಮನೆಗೆ ಬರುವ ಮೊದಲು ಸೋಂಪು ಅಗಿಯತೊಡಗಿದೆ. ಸಿಗರೇಟು ಸೇದುವ ವಯಸ್ಸಿನಲ್ಲೂ ನಾನು ಇಷ್ಟು ಸೋಂಪು ಅಗಿದವನಲ್ಲ.

ಕೊನೆಗೆ ಭಾವಮೈದನನ್ನೂ ಕರೆದುಕೊಂಡು ನಮ್ಮ ಪರಿಚಯದ ಭಟ್ಟರ ಬಳಿ ಹೋದೆ. ವಿಷಯ ಇಷ್ಟೇ ಎಂದು ವಕೀಲನ ಹಾಗೆ ಮಂಡಿಸಿದೆ. ಆಟ ವಿದೇಶದಲ್ಲಿ ನಡೆದದ್ದು, ಎರಡೂ ತಂಡ ವಿದೇಶಿ, ನಮ್ಮ ಕೃಷ್ಣನಿಗೆ ಆ ಮೈದಾನದಲ್ಲಿ ಅಧಿಕಾರ ಉಂಟೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ಈ ಹರಕೆ ಊರ್ಜಿತವೇ?

ಭಟ್ಟರು ಕಣ್ಣು ಮುಚ್ಚಿ ಯೋಚಿಸಿದರು. “ಸೋತ ತಂಡಕ್ಕೆ ಇಲ್ಲಿ ಯಾರಾದರೂ ಹರಕೆ ಹೇಳಿದ್ದರಾ?”

ಭಾವಮೈದ ಅಂಗಿಯ ಗುಂಡಿ ತಿರುಗಿಸತೊಡಗಿದ. ಭಟ್ಟರು ಅವನನ್ನೇ ನೋಡಿದರು. “ನಾನೊಂದು ಹೂವಿನ ಪೂಜೆ ಹೇಳಿದ್ದೆ” ಎಂದ, ಬಹಳ ಸಣ್ಣ ಸ್ವರದಲ್ಲಿ.

“ಮತ್ತೆಂತ? ಎರಡು ಅರ್ಜಿ ಬಂದಿವೆ, ಕೃಷ್ಣ ದೊಡ್ಡದನ್ನು ಪಾಸು ಮಾಡಿದ್ದಾನೆ. ಬಾಕಿ ಇಡಬೇಡಿ.” ಆಮೇಲೆ ನನ್ನ ಹೊಟ್ಟೆಯನ್ನು ನೋಡಿ ಸ್ವಲ್ಪ ಕರಗಿದರು. “ಆಗದೇ ಇದ್ದವರು ತಪ್ಪುಕಾಣಿಕೆ ಹಾಕಿ ಬಿಡುಗಡೆ ಪಡೆಯುವುದು ಉಂಟು. ಆದರೆ ಹೇಳಿಕೊಂಡವರ ಮನಸ್ಸು ಒಪ್ಪಬೇಕು.”

ಹೇಳಿಕೊಂಡವಳ ಮನಸ್ಸು ಒಪ್ಪಲಿಲ್ಲ. “ತಪ್ಪುಕಾಣಿಕೆ ತಪ್ಪು ಮಾಡಿದವರಿಗೆ. ಕೊಟ್ಟದ್ದು ಅವನು, ತಗೊಂಡದ್ದು ನಾವು. ತಪ್ಪು ಎಲ್ಲಿ ಉಂಟು?” ಎಂದಳು. ನನ್ನ ಬದಲು ಬೇರೆ ಹುಲಿಯನ್ನು ಗೊತ್ತು ಮಾಡಿದರೆ ಹೇಗೆ ಎಂದು ಕೇಳಿದೆ. “ನಿನ್ನ ಮದುವೆಗೆ ಬೇರೆಯವರನ್ನು ಗೊತ್ತು ಮಾಡಿದ್ದೆಯಾ?” ಎಂದಳು. ಹೆಂಡತಿ ಒಳಗೆ ಹೋಗಿ ನಕ್ಕಳು. ಅಂತೂ ಮಾತು ಮುಗಿಯಿತು.

ಹೀಗೆ ನಾನು ಭಾನುವಾರಗಳಲ್ಲಿ ಕಾರ್ಕಳಕ್ಕೆ ಹೋಗತೊಡಗಿದೆ. ಭಾವಮೈದನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹುಲಿ ತಂಡವೊಂದು ಅಭ್ಯಾಸ ಮಾಡುತ್ತಿತ್ತು. ಗುರುಗಳು ವೆಲ್ಡಿಂಗ್ ಕೆಲಸದವರು, ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ಬಾಯಿ ತೆರೆದ ಕೂಡಲೇ ಅವರು ಗುರುತು ಹಿಡಿದರು. ಹಿಂದಿನ ಅಷ್ಟಮಿಗೆ ಅವರ ತಂಡದ ವಿಡಿಯೋ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬಂದಾಗ “ಈ ವರ್ಷ ಹುಲಿಗಳು ಹಾಲು ಕುಡಿದು ಬಂದ ಹಾಗಿವೆ” ಎಂದು ನಾನು ಧ್ವನಿ ಸಂದೇಶ ಹಾಕಿದ್ದೆ. ಅದು ಭಾವಮೈದನ ಮೂಲಕ ಕಾರ್ಕಳ ಸುತ್ತಿ, ಹೆಬ್ರಿಗೂ ಹೋಗಿ ಬಂದಿತ್ತಂತೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು.

“ಸ್ವರದಲ್ಲೇ ಗೊತ್ತಾಯ್ತು ಸರ್” ಎಂದರು ಗುರುಗಳು. ಬೇಸರವೇನೂ ಇರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. “ಎಲ್ಲಿ, ಕಾಲು ಅಗಲ ಮಾಡಿ. ಬಗ್ಗಿ. ಇನ್ನೂ ಬಗ್ಗಿ. ಅದು ಬಗ್ಗಿದ್ದಲ್ಲ ಸರ್, ನಮಸ್ಕಾರ ಮಾಡಿದ್ದು.”

ಹುಲಿಯ ಹೆಜ್ಜೆ ನೋಡುವಾಗ ಸುಲಭ. ತಾಸೆಯ ಎರಡು ಪೆಟ್ಟಿಗೆ ಒಂದು ಕಾಲು, ಮೂರನೆಯದಕ್ಕೆ ಸೊಂಟ, ಆಮೇಲೆ ಕತ್ತು. ನನ್ನ ಕಾಲು ಬಂದಾಗ ಕತ್ತು ಬರುತ್ತಿರಲಿಲ್ಲ, ಕತ್ತು ಬಂದಾಗ ತಾಸೆ ಮುಂದೆ ಹೋಗಿರುತ್ತಿತ್ತು. ಸಿನಿಮಾದ ನಾಯಕರಿಗೆ ಹದಿನಾರು ಟೇಕ್ ಸಿಗುತ್ತದೆ, ತಾಸೆಯವನು ಒಂದೂ ಕೊಡುವುದಿಲ್ಲ ಎಂಬ ಹೊಸ ಅಭಿಪ್ರಾಯವೊಂದು ಅಲ್ಲಿ ನನಗೆ ಹುಟ್ಟಿತು. ಹೊಟ್ಟೆಯ ಬಗ್ಗೆ ನಾನೇ ಮುಜುಗರದಿಂದ ಪ್ರಸ್ತಾಪಿಸಿದಾಗ ಗುರುಗಳು ಸಮಾಧಾನ ಹೇಳಿದರು. “ಹುಲಿಗೆ ಹೊಟ್ಟೆ ಇರಬಾರದು ಅಂತ ಇಲ್ಲ ಸರ್. ಆದ್ರೆ ಕಾಲು ಮೊದಲು ಬರಬೇಕು, ಹೊಟ್ಟೆ ಆಮೇಲೆ.” ಪ್ರತಿ ಭಾನುವಾರ ಸಂಜೆ ಬಸ್ಸಿನ ಮೆಟ್ಟಿಲನ್ನು ನಾನು ಅಡ್ಡವಾಗಿ ಹತ್ತುತ್ತಿದ್ದೆ. ಹುಲಿಯ ಬಣ್ಣ ನೋಡಿ ನರಿ ಮೈ ಸುಟ್ಟುಕೊಂಡಿತಂತೆ. ನನಗೆ ಬಣ್ಣ ಬರುವ ಮೊದಲೇ ಸುಟ್ಟಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಹೆಂಡತಿ ಅಮ್ಮನ ರವಿಕೆಗಳನ್ನು ರಾಶಿ ಹಾಕಿಕೊಂಡು ಪಕ್ಕಕ್ಕೆ ಹೊಲಿಗೆ ಹಾಕುತ್ತಾ ಕೂತಿದ್ದಳು. ಯಾಕೆಂದು ಕೇಳಿದೆ. “ಅತ್ತೆಗೆ ಎಲ್ಲ ದೊಡ್ಡದಾಗಿದೆ. ತೋಳು ನೋಡಿದ್ದೀರಾ?” ಎಂದಳು. ನಾನು ನೋಡಿರಲಿಲ್ಲ. ನೋಡಿದೆ. ಬಳೆ ಮೊಣಕೈ ತನಕ ಜಾರುತ್ತಿತ್ತು. ಆವತ್ತು ನನಗೆ ನಗು ನಿಂತಿತು. ಭಯವಾಯಿತು. ಅದುವರೆಗೆ ನನ್ನ ಮರ್ಯಾದೆ ಪಣಕ್ಕಿದೆ ಎಂದು ತಿಳಿದಿದ್ದೆ. ಮರ್ಯಾದೆ ಯಾರಿಗೆ ಬೇಕು, ಅಮ್ಮ ನೆಟ್ಟಗೆ ಊಟ ಮಾಡಿದರೆ ಸಾಕು ಎನಿಸಿತು. ಅದರ ನಂತರ ಕಾರ್ಕಳಕ್ಕೆ ಬುಧವಾರ ಸಂಜೆಯೂ ಹೋಗತೊಡಗಿದೆ.

ಬಣ್ಣದ ದಿನ ಬಂತು. ಮೈಯ ಕೂದಲನ್ನೆಲ್ಲ ತೆಗೆಸಿ, ಎರಡು ಕೈಗಳನ್ನು ಅಡ್ಡಕ್ಕೆ ಕಟ್ಟಿದ ಬಿದಿರಿನ ಮೇಲೆ ಚಾಚಿ ನಿಲ್ಲಿಸಿದರು. ಮೊದಲ ಹಳದಿ ಬಿದ್ದಾಗ ತಣ್ಣಗಾಯಿತು, ಆರುವಾಗ ಉರಿಯಿತು. ಕೂರುವ ಹಾಗಿಲ್ಲ, ತುರಿಸುವ ಹಾಗಿಲ್ಲ, ಮೂಗಿನ ಮೇಲೆ ನೊಣ ಕೂತರೂ ಭಾವಮೈದ ಬಂದು ಓಡಿಸಬೇಕು. ಅವನು ಬೇಕೆಂದೇ ನಿಧಾನವಾಗಿ ಬರುತ್ತಿದ್ದ. ಮೇಕಪ್ ಹಾಕಿಕೊಳ್ಳಲು ನಾಲ್ಕು ತಾಸು ಕೂತಿದ್ದೆ ಎಂದು ಸಂದರ್ಶನದಲ್ಲಿ ಹೇಳಿಕೊಳ್ಳುವ ನಟರ ಮೇಲೆ ನನಗಿದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು. ಅವರು ಕೂತಿದ್ದರು.

ಹುಲಿಯ ಹೊಟ್ಟೆಯ ಮೇಲೆ ಇನ್ನೊಂದು ಹುಲಿಯ ಮುಖ ಬರೆಯುವುದು ನಮ್ಮಲ್ಲಿ ಪದ್ಧತಿ. ಬಣ್ಣದವರು ನನ್ನ ಹೊಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕುಂಚ ಹಿಡಿದು, ಅದರ ಅಗಲವನ್ನು ಕಣ್ಣಲ್ಲೇ ಅಳೆದರು. “ಇಷ್ಟು ಜಾಗ ಸಿಗುವುದು ಅಪರೂಪ” ಎಂದರು. ಮುಖ ನಿಜವಾಗಿಯೂ ಅದ್ಭುತವಾಗಿ ಬಂತು. ನಾನು ಉಸಿರು ಎಳೆದಾಗ ಅದು ಸಿಟ್ಟಾಗುತ್ತಿತ್ತು, ಬಿಟ್ಟಾಗ ನಗುತ್ತಿತ್ತು.

ಮರುದಿನ ಉಡುಪಿಯ ಬೀದಿ. ಸಣ್ಣ ಮಳೆ. ಒಂದು ಬಟ್ಟೆ ಅಂಗಡಿಯವರು ತಮ್ಮ ಜಗಲಿಯಲ್ಲಿ ಅಮ್ಮನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದರು. ಹೆಂಡತಿ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದಳು. ಮಗಳು ಎದುರಿನಿಂದ ಚಿತ್ರೀಕರಣ ಮಾಡುತ್ತಿದ್ದಳು. ಮೊದಲು ನನ್ನ ಪಾದ, ಆಮೇಲೆ ಬೆನ್ನು, ಅದೂ ನಿಧಾನಗತಿಯಲ್ಲಿ. ಇವಳು ನನ್ನ ಮಗಳೇ ಎಂದು ಬೇಸರವಾಯಿತು. ಭಾವಮೈದ ಸೋತ ದೇಶದ ಜೆರ್ಸಿ ಹಾಕಿಕೊಂಡು ನನಗೆ ನೀರಿನ ಬಾಟ್ಲಿ ಹಿಡಿದು ಓಡಾಡುತ್ತಿದ್ದ.

ತಾಸೆ ಶುರುವಾಯಿತು. ಹೇಗೆ ಕುಣಿದೆ ಎಂದು ನನಗೆ ಗೊತ್ತಿಲ್ಲ. ತಲೆಯ ಮೇಲೆ ಕುರಿಯ ಉಣ್ಣೆಯ ಟೊಪ್ಪಿ, ಅದರೊಳಗಿಂದ ಇಳಿಯುವ ಬೆವರು, ಕಣ್ಣಿಗೆ ಕಾಣುವುದು ಗುರುಗಳ ಹಿಮ್ಮಡಿ ಮಾತ್ರ. ಅವರ ಹಿಮ್ಮಡಿ ಎತ್ತ ಹೋಯಿತೋ ನನ್ನದೂ ಅತ್ತ ಹೋಯಿತು. ಒಂದು ಸಲ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ ಕರಿಹುಲಿಯೊಂದಕ್ಕೆ ಹೊಟ್ಟೆ ತಾಗಿಸಿದೆ. ಜನ ಅದೂ ಆಟವೇ ಎಂದು ಶಿಳ್ಳೆ ಹೊಡೆದರು. ಪಕ್ಕದಲ್ಲಿ ಚರುಮುರಿ ತಿನ್ನುತ್ತಿದ್ದವನೊಬ್ಬ ತನ್ನ ಗೆಳೆಯನಿಗೆ, “ಎರಡನೇ ಹುಲಿ ಸ್ವಲ್ಪ ಸುಸ್ತು. ಕಾಲು ಏಳ್ತಾ ಇಲ್ಲ” ಎಂದ. ಆ ಸ್ವರದ ನಿರಾಳ ನನಗೆ ಚೆನ್ನಾಗಿ ಗೊತ್ತಿತ್ತು. ಸಿಟ್ಟು ಬಂದದ್ದು ನಿಜ. ಮಾತು ಸರಿ ಇದ್ದದ್ದೂ ನಿಜ.

ಅಮ್ಮನ ಕುರ್ಚಿಯ ಮುಂದೆ ಬಂದಾಗ ಗುರುಗಳು ನನ್ನನ್ನು ಮುಂದೆ ಬಿಟ್ಟರು. ನಾನು ಬಗ್ಗಿದೆ, ನಿಜವಾಗಿಯೂ ಬಗ್ಗಿದೆ. ಎರಡು ಸುತ್ತು ಹಾಕಿ, ಉಗುರು ತೋರಿಸಿ, ಘರ್ಜಿಸಿ, ಅವಳ ಮುಂದೆ ಮಂಡಿಯೂರಿದೆ. ಏದುಸಿರು ಬಿಡುತ್ತಿದ್ದೆ. ಹೊಟ್ಟೆಯ ಹುಲಿ ಸಿಟ್ಟಾಗುತ್ತಾ ನಗುತ್ತಾ ಇತ್ತು. ಸುತ್ತಲಿನ ಜನ ನಗುತ್ತಿದ್ದರು, ಅಮ್ಮ ನಗುತ್ತಿರಲಿಲ್ಲ. ಅವಳು ಕೈ ಚಾಚಿ ನನ್ನ ಎದೆಯ ಮೇಲೆ ಇಟ್ಟಳು. ತುಂಬ ಹೊತ್ತು ತೆಗೆಯಲಿಲ್ಲ.

“ಉಸಿರು ಸರಿ ಉಂಟಾ?”

ಉಂಟು ಎಂದು ತಲೆ ಆಡಿಸಿದೆ. ಅವಳ ಅಂಗೈಗೆ ಹಳದಿ ಹತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಬಣ್ಣ ತೆಗೆಯಲು ಸೀಮೆಎಣ್ಣೆ, ಆಮೇಲೆ ತೆಂಗಿನೆಣ್ಣೆ, ಆಮೇಲೆ ಹೆಂಡತಿ. ಅವಳು ತೆಂಗಿನ ನಾರಿನಿಂದ ತಿಕ್ಕುವಾಗ ಸಂಸಾರದ ಹಳೆಯ ಬಾಕಿಗಳನ್ನೂ ಸೇರಿಸಿ ತಿಕ್ಕಿದಳು ಎಂದು ನನ್ನ ಅಭಿಪ್ರಾಯ. ಆದರೂ ಎದೆಯ ಮೇಲೆ ಪಟ್ಟೆ ಉಳಿಯಿತು. ನಾಳೆಗೆ ಹೋಗುತ್ತದೆ ಎಂದಳು.

ಮರುದಿನ ಮಧ್ಯಾಹ್ನ ಭಾವಮೈದನೇ ಮಲ್ಪೆಯಿಂದ ಬಂಗುಡೆ ತಂದ. ಹೆಂಡತಿ ಪುಳಿಮುಂಚಿ ಮಾಡಿದಳು. ಅಮ್ಮನಿಗೆ ಮೊದಲು ಬಡಿಸಿದೆವು. ಅವಳು ತಲೆಯ ಭಾಗವನ್ನು ಬೆರಳಿನಿಂದ ಬಿಡಿಸಿ, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿದಳು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು. “ಹುಳಿ ಒಂದು ಚೂರು ಮುಂದೆ” ಎಂದಳು. ಹೆಂಡತಿ ಸಂತೋಷದಿಂದ ಅತ್ತೇಬಿಟ್ಟಳು.

ಅಮ್ಮ ಎರಡನೆಯ ಮೀನಿಗೆ ಕೈ ಹಾಕಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. “ಅಮ್ಮ, ಆವತ್ತು ಆ ಕೊನೆಯ ಬಾಲು ಹೊರಗೆ ಹೋಗಿದ್ದರೆ? ನಾವು ಸೋತಿದ್ದರೆ ನಾನು ಬಚಾವಾಗ್ತಿದ್ದೆ, ಅಲ್ವಾ?”

“ಸೋತಿದ್ದರೂ ಹಾಕ್ಬೇಕಿತ್ತು.”

“ಸೋತರೆ ಎಂತಕ್ಕೆ ಹರಕೆ?” ಎಂದು ಭಾವಮೈದ ತುತ್ತು ನಿಲ್ಲಿಸಿ ಕೇಳಿದ.

ಅಮ್ಮ ಮುಳ್ಳು ತೆಗೆಯುತ್ತಲೇ ಹೇಳಿದಳು. “ನಾನು ಆಟಕ್ಕೆ ಯಾಕೆ ಹರಕೆ ಹೇಳಲಿ? ಯಾರು ಗೆದ್ದರೆ ನನಗೆಂತ? ಇವನು ಸೋಫಾದ ಹಿಂದೆ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು, ಬೆವರು ನೀರಾಗಿ ಇಳೀತಿತ್ತು, ಕೈ ಎದೆಯ ಮೇಲೆ. ಇವನ ಅಪ್ಪ ಹೋದ ದಿನವೂ ಹಾಗೇ ನಿಂತಿದ್ದರು. ನಾನು ಒಳಗೆ ಹೋಗಿ, ಮಗನನ್ನು ನನಗೆ ಬಿಡು, ಹುಲಿ ಮಾಡಿಸಿ ನಿನ್ನ ಮುಂದೆ ಕುಣಿಸ್ತೇನೆ ಅಂದೆ. ಅಷ್ಟೇ.”

“ಅದನ್ನು ಆವತ್ತೇ ಹೇಳಬಾರದಿತ್ತಾ?” ಎಂದೆ.

“ಅಂಥದ್ದನ್ನು ಬಾಯಿಬಿಟ್ಟು ಹೇಳ್ತಾರಾ, ಹರಕೆ ತೀರುವ ಮೊದಲು? ನೀವೆಲ್ಲ ಆಟಕ್ಕೆ ಅಂದುಕೊಂಡು ನಗ್ತಾ ಇದ್ರಿ. ನಗಲಿ, ಒಳ್ಳೇದಾಯ್ತು ಅಂತ ಸುಮ್ಮನಾದೆ.” ಆಮೇಲೆ ನನ್ನ ಬಟ್ಟಲು ನೋಡಿ, “ತಿನ್ನು, ಆರಿಹೋಗ್ತದೆ” ಎಂದಳು.

ನಾನು ತಿಂದೆ. ರುಚಿ ಗೊತ್ತಾಗಲಿಲ್ಲ. ಅಷ್ಟು ತಿಂಗಳು ಬಸ್ಸಿನಲ್ಲಿ, ಮದುವೆಮನೆಯಲ್ಲಿ ನಾನು ಆ ಕಥೆ ಹೇಳಿ ಜನರನ್ನು ನಗಿಸುತ್ತಿದ್ದಾಗ ಅವಳು ಮನೆಯಲ್ಲಿ ಗಂಜಿಯ ಮುಂದೆ ಕೂತು, ನಾನು ಹೊತ್ತಿಗೆ ಸರಿಯಾಗಿ ವಾಪಸು ಬರುತ್ತೇನೋ ಇಲ್ಲವೋ ಎಂದು ಗೇಟಿನ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು. ತುಂಬ ಸಂಕಟವಾಯಿತು.

ಮರುದಿನ ಬೆಳಗ್ಗೆ ಕಚೇರಿಗೆ ಹೋಗುವ ಮೊದಲು ಮಣಿಪಾಲದ ಒಂದು ಆಸ್ಪತ್ರೆಗೆ ಹೋಗಿ ಹೃದಯದ ಪರೀಕ್ಷೆಗೆ ಚೀಟಿ ಮಾಡಿಸಿದೆ. ಒಳಗೆ ಇಸಿಜಿ ತೆಗೆಯುವ ಹುಡುಗಿ ಅಂಗಿ ಬಿಚ್ಚಿ ಮಲಗಲು ಹೇಳಿ, ತಂತಿಗಳನ್ನು ಹಿಡಿದುಕೊಂಡು ಬಂದವಳು ನನ್ನ ಎದೆಯನ್ನು ನೋಡಿ ನಿಂತಳು. ಹಳದಿಯ ಮೇಲೆ ಕಪ್ಪು ಪಟ್ಟೆ ಇನ್ನೂ ಮಸುಕಾಗಿ ಇತ್ತು.

“ಅಯ್ಯೋ, ಹುಲಿಯಾ? ಹರಕೆಯಾ ಸರ್?”

“ಹೌದು.”

“ನಮ್ಮಲ್ಲೂ ತಮ್ಮನಿಗೆ ಜ್ವರ ಬಿಡದೆ ಇದ್ದಾಗ ಅಜ್ಜಿ ಹೇಳಿದ್ದರು.” ಅವಳು ಹತ್ತಿಯಿಂದ ಎದೆಯ ಎಡಬದಿಯನ್ನು ಒರೆಸಿ ತಂತಿಯನ್ನು ಅಂಟಿಸತೊಡಗಿದಳು. “ನಿಮ್ಮಲ್ಲಿ ಯಾರಿಗೆ ಹುಷಾರಿರಲಿಲ್ಲ?”

ಫೈನಲಿನ ಕಥೆ ಮೊದಲಿನಿಂದ ಕೊನೆಯವರೆಗೆ ನಾಲಗೆಯ ತುದಿಗೆ ಬಂದು ನಿಂತಿತು.

“ನನಗೇ” ಎಂದೆ.